ಹಾಡು ಕೇಳುವಾಗ ಬರುವ ಕಾದಂಬರಿ ಬೆಳಿಗ್ಗೆ ಯಾಕೆ ಸಪ್ಪೆಯಾಗುತ್ತದೆ?

ಪ್ರಶ್ನೆ: ನನಗೆ 36 ವರ್ಷ. ಮನೆ ವಿಜಯನಗರ, ಕೆಲಸ ವೈಟ್‌ಫೀಲ್ಡ್ ಕಡೆ. ನಮ್ಮ ಅಜ್ಜ ಬಿನ್ನಿ ಮಿಲ್ಲಿನಲ್ಲಿದ್ದರು. ಅವರ ಕಾಲದ ಕಾಟನ್‌ಪೇಟೆಯ ಒಂದು ವಠಾರವನ್ನು ಇಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದೇನೆ. ಅಜ್ಜಿ ಶಿಫ್ಟ್ ಬಿಡುವ ಸೈರನ್ ಕೇಳಿದ ಮೇಲೇ ಅನ್ನಕ್ಕೆ ಎಸರಿಡುತ್ತಿದ್ದರಂತೆ, ಅಂಥ ಕತೆಗಳು ತುಂಬಾ ಇವೆ. ಮೆಟ್ರೊದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತರೆ ದೃಶ್ಯಗಳು ತಾವಾಗಿಯೇ ಬರುತ್ತವೆ, ಕೆಲವು ಸಲ ಕಣ್ಣಲ್ಲಿ ನೀರೂ ಬರುತ್ತದೆ. ರಾತ್ರಿ ಅದೇ ಹಾಡು ಹಾಕಿಕೊಂಡು ಬರೆಯುತ್ತೇನೆ. ಬರೆಯುವಾಗ ಅದ್ಭುತ ಅನಿಸುತ್ತದೆ, ಬೆಳಿಗ್ಗೆ ಓದಿದರೆ ಸಪ್ಪೆ. ಈಗೀಗ ಹಾಡಿಲ್ಲದೆ ಒಂದು ಸಾಲೂ ಬರುತ್ತಿಲ್ಲ. ಮೊಜಾರ್ಟ್ ಕೇಳು, ಮೆದುಳು ಚುರುಕಾಗುತ್ತದೆ ಅಂತ ಗೆಳತಿ ಹೇಳುತ್ತಾಳೆ. ಸಂಗೀತ ಕಲಿತ ನಮ್ಮ ಅತ್ತೆ ದುಃಖಕ್ಕೊಂದು, ವಿರಹಕ್ಕೊಂದು ಅಂತ ರಾಗಗಳ ಪಟ್ಟಿಯನ್ನೇ ಕೊಟ್ಟಿದ್ದಾರೆ. ಪ್ರತಿ ಅಧ್ಯಾಯದ ತಲೆಯಲ್ಲಿ ಹಳೆಯ ಸಿನಿಮಾ ಹಾಡಿನ ಎರಡೆರಡು ಸಾಲು ಹಾಕುವ ಆಸೆಯೂ ಇದೆ. ಹಾಡು ಕೇಳಿ ಹುಟ್ಟಿದ ಕತೆಯನ್ನು ನನ್ನದು ಅನ್ನಬಹುದಾ ಎಂಬ ಅಳುಕೂ ಇದೆ. ಒಂದು ಪ್ಯಾರಾ ಜೊತೆಗಿಟ್ಟಿದ್ದೇನೆ, ನೋಡಿ. (ಹೆಸರು ಬೇಡ, ವಿಜಯನಗರ, ಬೆಂಗಳೂರು)

ಉತ್ತರ: ಪ್ರಶ್ನೆ ನಾಲ್ಕೈದು ಇದ್ದರೂ ನಿಮ್ಮನ್ನು ಕಾಡುತ್ತಿರುವುದು ಒಂದೇ ಎಂದು ಕಾಣುತ್ತದೆ: ರಾತ್ರಿ ಅಷ್ಟು ಜೀವಂತವಾಗಿದ್ದದ್ದು ಬೆಳಗಾಗುವುದರೊಳಗೆ ಎಲ್ಲಿ ಹೋಯಿತು, ತಪ್ಪು ನನ್ನದೋ ಹಾಡಿನದೋ? ಕಾದಂಬರಿಗಳ ಹಸ್ತಪ್ರತಿ ಓದಿ ತಿದ್ದುವುದು ನನ್ನ ಕಸುಬು. ಹಾಡು ಹಾಕಿಕೊಂಡು ಬರೆದ ಪುಟಗಳು ಬೇಕಾದಷ್ಟು ಬರುತ್ತವೆ, ಬರೆದವರು ಹೇಳದಿದ್ದರೂ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ. ಅಂಥ ಪುಟದಲ್ಲಿ ಭಾವ ಎಲ್ಲಿರಬೇಕು ಎಂಬ ಗುರುತು ಇರುತ್ತದೆ, ಭಾವ ಮಾತ್ರ ಇರುವುದಿಲ್ಲ. ಬರೆಯುವವರ ಕಿವಿಯಲ್ಲಿ ಆಗ ಪಿಟೀಲು ನುಡಿಯುತ್ತಿತ್ತು. ಓದುವ ನನ್ನ ಕಿವಿಗೆ ಕೇಳುವುದು ಪಕ್ಕದ ಮನೆಯ ಮಿಕ್ಸಿ.

ನಿಮ್ಮ ಪ್ಯಾರಾವನ್ನೇ ತೆಗೆದುಕೊಳ್ಳೋಣ. "ಕತ್ತಲು ನಿಧಾನವಾಗಿ ವಠಾರವನ್ನು ತಬ್ಬಿಕೊಂಡಿತು. ಅವಳ ಎದೆಯೊಳಗೆ ಹೇಳಲಾರದ ನೋವೊಂದು ಅಲೆಅಲೆಯಾಗಿ ಎದ್ದು ಬಂತು. ಕಾಲ ನಿಂತುಹೋದಂತಿತ್ತು. ಅವಳು ಕಾಯುತ್ತಲೇ ಇದ್ದಳು." ಭಾಷೆಯಲ್ಲಿ ತಪ್ಪಿಲ್ಲ. ಆದರೆ ಇದರಲ್ಲಿ ಕೈಗೆ ಸಿಗುವ ಒಂದು ಸಾಮಾನೂ ಇಲ್ಲ. ಗಂಟೆ ಎಷ್ಟು? ಅವಳು ನಿಂತಿದ್ದಾಳಾ, ಕೂತಿದ್ದಾಳಾ? ಪಕ್ಕದ ಮನೆಯವರು ನೋಡುತ್ತಿದ್ದಾರಾ? ವಠಾರ ಅಂದಮೇಲೆ ನೋಡದೆ ಬಿಟ್ಟಾರಾ? ಒಂದೊಂದು ವಾಕ್ಯ ಮುಗಿದ ಮೇಲೂ ಅಲ್ಲೊಂದು ಆಲಾಪ ಬರಲಿ ಅಂತ ಜಾಗ ಬಿಟ್ಟ ಹಾಗಿದೆ. ಸಿನಿಮಾದಲ್ಲಾದರೆ ಆ ಜಾಗವನ್ನು ಹಿನ್ನೆಲೆ ಸಂಗೀತ ತುಂಬಿಕೊಡುತ್ತದೆ. ಕಾದಂಬರಿಗೆ ಆ ಸೌಕರ್ಯ ಇಲ್ಲ.

ಈಗ ನಿಮ್ಮದೇ ಪತ್ರದ ಇನ್ನೊಂದು ವಾಕ್ಯ ನೋಡಿ. ಅಜ್ಜಿ ಶಿಫ್ಟ್ ಬಿಡುವ ಸೈರನ್ ಕೇಳಿದ ಮೇಲೇ ಅನ್ನಕ್ಕೆ ಎಸರಿಡುತ್ತಿದ್ದರು. ಕಾಯುವುದು ಇಲ್ಲಿದೆ. ಗಡಿಯಾರ ಇಲ್ಲದ ಮನೆ ಇದೆ, ಗಂಡನಿಗೆ ಬಿಸಿ ಅನ್ನವೇ ಆಗಬೇಕು ಎಂಬ ಸಂಸಾರ ಇದೆ, ಸೀಮೆಎಣ್ಣೆ ಉಳಿಸುವ ಲೆಕ್ಕಾಚಾರವೂ ಇರಬಹುದು. ಜೊತೆಗೆ ಒಂದು ಕತೆಯೂ ಅಲ್ಲೇ ಕೂತಿದೆ: ಮುಷ್ಕರದ ದಿನ ಸೈರನ್ ಆಗದಿದ್ದರೆ ಅಜ್ಜಿ ಎಸರು ಯಾವಾಗ ಇಡುತ್ತಾರೆ? ಪತ್ರ ಬರೆಯುವಾಗ ನೀವು ಹಾಡು ಕೇಳುತ್ತಿರಲಿಲ್ಲ ಅಂದುಕೊಂಡಿದ್ದೇನೆ. ಹಾಡಿಲ್ಲದೆ ಬರೆಯಲು ಬರುವುದಿಲ್ಲ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಹೀಗೆ ಯಾಕಾಗುತ್ತದೆ ಅನ್ನುವುದಕ್ಕೆ ಎರಡು ಕಾರಣ ಕೊಡಬಹುದು. ಮೊದಲನೆಯದು ಸುಖಕ್ಕೆ ಸೇರಿದ್ದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಷ್ಟದ ಸಂಗೀತ ಕೇಳಿ ಮೈ ಜುಮ್ಮೆನ್ನುವಾಗ ಮೆದುಳಿನಲ್ಲಿ ಸುಖದ ಜೊತೆ ನಂಟಿರುವ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಆ ಗಳಿಗೆ ಬಂದಾಗ ಮಾತ್ರವಲ್ಲ, ಈಗ ಬರುತ್ತದೆ ಎಂದು ಕಾಯುವಾಗಲೂ ಆಗುತ್ತದೆ ಎಂದು ಅವರು ತೋರಿಸಿದರು. ಗೊತ್ತಿರುವ ಹಾಡಿನ ಗೊತ್ತಿರುವ ತಿರುವಿಗೆ ನಾವು ಕಾಯುತ್ತೇವೆ, ಬಂದೊಡನೆ ಕರಗುತ್ತೇವೆ. ಅದೇ ಹೊತ್ತಿಗೆ ಕಣ್ಣ ಮುಂದೆ ನಿಮ್ಮ ಪಾತ್ರ ಬಾಗಿಲಲ್ಲಿ ನಿಂತಿದ್ದರೆ, ಕರಗಿಸಿದ್ದು ಆ ಪಾತ್ರವೇ ಅನಿಸುತ್ತದೆ. ಹಾಡಿನ ಸಂಪಾದನೆ ದೃಶ್ಯದ ಖಾತೆಗೆ ಜಮೆಯಾಗುತ್ತದೆ. ಬೆಳಿಗ್ಗೆ ಹಾಡಿಲ್ಲದೆ ಓದಿದಾಗ ಖಾತೆಯಲ್ಲಿ ನಿಜಕ್ಕೂ ಎಷ್ಟಿತ್ತು ಅನ್ನುವುದು ಗೊತ್ತಾಗುತ್ತದೆ.

ಎರಡನೆಯದು ಮಾತಿಗೆ ಸೇರಿದ್ದು. ಬರೆಯುವಾಗ ವಾಕ್ಯವನ್ನು ನಾವು ಒಳಗೇ ಒಮ್ಮೆ ನುಡಿದು ನೋಡುತ್ತೇವೆ. ಕಿವಿಗೆ ಬೀಳುವ ಮಾತು ಅದೇ ದಾರಿಯಲ್ಲಿ ಅಡ್ಡ ಬರುತ್ತದೆ. ಅರ್ಥವಾಗದ ಭಾಷೆಯ ಮಾತು ಹಿನ್ನೆಲೆಯಲ್ಲಿದ್ದರೂ ಅಕ್ಷರಗಳ ಸಾಲನ್ನು ನೆನಪಿಟ್ಟುಕೊಳ್ಳಲು ಕಷ್ಟವಾಗುತ್ತದೆ ಎಂದು 1976ರಷ್ಟು ಹಿಂದೆಯೇ ತೋರಿಸಿದ್ದಾರೆ. ಬರೀ ವಾದ್ಯಕ್ಕಿಂತ ಹಾಡುಗಾರಿಕೆ ಹೆಚ್ಚು ತೊಂದರೆ ಕೊಡುತ್ತದೆ ಎಂಬುದು ಆಮೇಲಿನ ಪ್ರಯೋಗಗಳಲ್ಲಿ ಕಂಡಿತು. ಅವು ನೆನಪಿನ ಪರೀಕ್ಷೆಗಳು, ಕಾದಂಬರಿ ಬರೆಯುವವರನ್ನು ಕೂರಿಸಿ ಮಾಡಿದವಲ್ಲ, ಹಾಗಾಗಿ ಅತಿಯಾಗಿ ಎಳೆಯಬಾರದು. ಆದರೆ ಕಂಪ್ಯೂಟರಿನಲ್ಲಿ ಪ್ರಬಂಧ ಬರೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನೇ ನೋಡಿದ 2001ರ ಒಂದು ಅಧ್ಯಯನದಲ್ಲೂ ಹಿನ್ನೆಲೆ ಸಂಗೀತ ಇದ್ದಾಗ ಬರವಣಿಗೆಯ ವೇಗ ಇಳಿದಿತ್ತು, ಹಾಡಿದ್ದರೂ ಅಷ್ಟೇ, ಬರೀ ವಾದ್ಯವಿದ್ದರೂ ಅಷ್ಟೇ. ಕನ್ನಡ ಹಾಡು ಕೇಳುತ್ತಾ ಕನ್ನಡ ವಾಕ್ಯ ಕಟ್ಟುವವರಿಗೆ ಇನ್ನೊಂದು ಕಾಟವೂ ಇದೆ, ಇದು ನಾನು ಮೇಜಿನ ಮೇಲೆ ಕಂಡದ್ದು: ಹಾಡಿನ ಪದಗಳು ಸದ್ದಿಲ್ಲದೆ ಗದ್ಯದೊಳಗೆ ನುಸುಳುತ್ತವೆ. ಮಿಲ್ಲಿನ ಫಿಟ್ಟರ್ ಒಬ್ಬ ಹೆಂಡತಿಯ ಜೊತೆ ರೇಷನ್ ವಿಷಯ ಮಾತಾಡುತ್ತಾ ಇದ್ದಕ್ಕಿದ್ದಂತೆ "ಒಲವೇ" ಅಂದುಬಿಡುತ್ತಾನೆ.

ಮೊಜಾರ್ಟ್ ವಿಷಯ ಬೇಗ ಮುಗಿಸುತ್ತೇನೆ. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಸಣ್ಣ ವರದಿ ಅದರ ಮೂಲ. ಕ್ಯಾಲಿಫೋರ್ನಿಯಾದ 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟನ ಎರಡು ಪಿಯಾನೊಗಳ ಸೊನಾಟಾವನ್ನು 10 ನಿಮಿಷ ಕೇಳಿಸಿ, ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ಬಿಚ್ಚುವಂಥ ಲೆಕ್ಕ ಕೊಟ್ಟರು. ಅಂಕ ಸ್ವಲ್ಪ ಏರಿತು, ಪರಿಣಾಮ ಕಾಲು ಗಂಟೆಯೊಳಗೆ ಇಳಿದೂ ಹೋಯಿತು. ಕೂಸುಗಳ ಮಾತು ಅದರಲ್ಲಿ ಇರಲಿಲ್ಲ, ಬರವಣಿಗೆಯ ಮಾತೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಮಕ್ಕಳಿಗೆಲ್ಲ ಶಾಸ್ತ್ರೀಯ ಸಂಗೀತದ ಸಿಡಿ ಹಂಚುವ ಯೋಜನೆ ತಂದರು. ಮರು ವರ್ಷ ಕೆನಡಾದ ಸಂಶೋಧಕರು ಮೊಜಾರ್ಟ್ ಬದಲಿಗೆ ಸ್ಟೀಫನ್ ಕಿಂಗ್ ಅವರ ಕತೆಯೊಂದನ್ನು ಕೇಳಿಸಿ ನೋಡಿದರು. ಕತೆ ಹಿಡಿಸಿದವರು ಕತೆ ಕೇಳಿದ ಮೇಲೆ ಚೆನ್ನಾಗಿ ಮಾಡಿದರು, ಸಂಗೀತ ಹಿಡಿಸಿದವರು ಸಂಗೀತ ಕೇಳಿದ ಮೇಲೆ. ಮೆಚ್ಚಿದ್ದನ್ನು ಕೇಳಿದರೆ ಮನಸ್ಸು ಸ್ವಲ್ಪ ಹೊತ್ತು ಚುರುಕಾಗುತ್ತದೆ, ಅಷ್ಟೇ. ಕಾದಂಬರಿಕಾರರಿಗೆ ಇದು ಒಳ್ಳೆಯ ಸುದ್ದಿಯೇ ಅಲ್ಲವೇ?

ನಿಮ್ಮ ಅತ್ತೆಯವರ ಪಟ್ಟಿಯನ್ನು ಹಾಗೆ ತಳ್ಳಿಹಾಕಲಾರೆ. ರಾಗಕ್ಕೆ ರಸದ ನಂಟು ಇದೆ, ಹಿಂದೂಸ್ತಾನಿಯಲ್ಲಿ ಹೊತ್ತಿನ ನಂಟೂ ಇದೆ. ಆದರೆ ತಲೆನೋವಿಗೆ ಮಾತ್ರೆ ಬರೆದುಕೊಟ್ಟಂತೆ ಅದು ಕೆಲಸ ಮಾಡುವುದಿಲ್ಲ. ಹಿಂದೂಸ್ತಾನಿಯ ಮಾಲ್‌ಕೌಂಸ್, ಕರ್ನಾಟಕ ಪದ್ಧತಿಯ ಹಿಂದೋಳ, ಎರಡಕ್ಕೂ ಅವೇ ಐದು ಸ್ವರ. ಮಾಲ್‌ಕೌಂಸನ್ನು ನಡುರಾತ್ರಿಯ ಗಂಭೀರ ರಾಗ ಅನ್ನುತ್ತಾರೆ. ಹಿಂದೋಳವನ್ನು ಸಂಜೆ ಕಚೇರಿಯಲ್ಲಿ ಯಾವ ಸಂಕೋಚವೂ ಇಲ್ಲದೆ ಹಾಡುತ್ತಾರೆ. ಸ್ವರ ಒಂದೇ ಆದರೂ ಅದನ್ನು ಅಲುಗಿಸುವ ಗಮಕ, ನಡೆ, ಸಾಹಿತ್ಯ, ಕೇಳುವವರ ಬಾಲ್ಯ ಎಲ್ಲ ಸೇರಿ ಭಾವ ಬೇರೆಯಾಗುತ್ತದೆ. ಅತ್ತೆಯವರಿಗೆ ವಿರಹ ತರುವ ರಾಗ ನಿಮಗೆ ಯಾರದೋ ಮದುವೆಯ ಊಟ ನೆನಪಿಸಬಹುದು. ನಿಮ್ಮ ಕಾದಂಬರಿಗೆ ಬೇಕಾದದ್ದು ಆ ಊಟವೇ ಇರಬಹುದು. ಪಟ್ಟಿ ಇಟ್ಟುಕೊಳ್ಳಿ, ಕೇಳಿ, ನಿಮಗೇನು ನೆನಪಾಯಿತೋ ಅದನ್ನು ಬರೆದಿಡಿ. ಒಂದು ವಿನಂತಿ ಮಾತ್ರ: ಅಧ್ಯಾಯಗಳಿಗೆ ರಾಗದ ಹೆಸರು ಇಡಬೇಡಿ. ಅಂಥ ಹಸ್ತಪ್ರತಿಗಳಲ್ಲಿ ಹೆಸರು ಚಂದವಿರುತ್ತದೆ, ಒಳಗೆ ರಾಗವೂ ಇರುವುದಿಲ್ಲ, ಅಧ್ಯಾಯವೂ ಇರುವುದಿಲ್ಲ.

ಇನ್ನು ಹಾಡನ್ನು ಎಲ್ಲಿಡಬೇಕು ಅನ್ನುವುದು. ನನ್ನ ಮೊದಲ ಸಲಹೆ ಬರೆಯುವುದಕ್ಕೆ ಮುಂಚೆ. ಒಂದೇ ಒಂದು ಹಾಡು ಆರಿಸಿ, ಕೂತು ಕೇಳಿ, ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಬೇರೆ ಕೋಣೆಯಲ್ಲಿಟ್ಟು ಬರೆಯಿರಿ. ದಿನವೂ ಅದೇ ಹಾಡು ಆಗಿರಲಿ. ಕೆಲವು ದಿನದಲ್ಲಿ ಅದು ಕೇಳಿದೊಡನೆ ಮನಸ್ಸು ವಠಾರಕ್ಕೆ ಹೋಗುವುದನ್ನು ಕಲಿಯುತ್ತದೆ. ನಿಮಗೆ ಈಗ ಹಾಡಿಲ್ಲದೆ ಬರೆಯಲಾಗದಿರುವುದೂ ಇದೇ ಕಲಿಕೆಯಿಂದ. ಹಾಡು ಇದ್ದಾಗ ಮಾತ್ರ ಬರೆದು ಬರೆದು, ಅದು ನಿಂತರೆ ಕೆಲಸ ಮುಗಿಯಿತು ಎಂದು ಮನಸ್ಸು ತಿಳಿದುಕೊಂಡಿದೆ. ಅದನ್ನು ತಿರುಗಿಸಿ ಕಲಿಸಬೇಕು, ಹಾಡು ನಿಂತ ಮೇಲೆ ಕೆಲಸ ಶುರು. ಮೊದಲ ಒಂದೆರಡು ವಾರ ಪೀಕಲಾಟ ತಪ್ಪಿದ್ದಲ್ಲ. ಸಾಲು ಬರದಿದ್ದರೆ ದೃಶ್ಯ ಬರೆಯುವುದು ಬಿಟ್ಟು, ಆ ದೃಶ್ಯದ ಬಗ್ಗೆ ಯಾರಿಗಾದರೂ ಪತ್ರ ಬರೆಯಿರಿ. ಪತ್ರದಲ್ಲಿ ನಿಮ್ಮ ಕೈ ಸಲೀಸಾಗಿ ಓಡುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇದೆ. ಇದರಲ್ಲಿರುವ ಅಪಾಯ ಇಷ್ಟೇ: ಹಾಡು ಹಳಸುತ್ತದೆ. ಕೇಳಿದರೂ ಏನೂ ಆಗದ ದಿನ ಬಂದರೆ ಬದಲಿಸಿ, ಅದಕ್ಕಾಗಿ ಹೊಸ ಪಟ್ಟಿ ಮಾಡುತ್ತಾ ರಾತ್ರಿಯೆಲ್ಲ ಕೂರಬೇಡಿ.

ಬರೆಯುವಾಗಲೂ ಏನಾದರೂ ಸದ್ದು ಬೇಕೇ ಬೇಕು ಅನ್ನುವವರಿದ್ದಾರೆ, ಮನೆಯಲ್ಲಿ ಟಿವಿ ಓಡುತ್ತಿದ್ದರೆ ಬೇರೆ ದಾರಿಯೂ ಇರುವುದಿಲ್ಲ. ಆಗ ಮಾತಿಲ್ಲದ, ಏರಿಳಿತ ಕಡಿಮೆ ಇರುವ ಸದ್ದು ಆರಿಸಿ. ವೀಣೆ, ಕೊಳಲು ಅಂದರೆ ಸುರಕ್ಷಿತ ಅಂದುಕೊಳ್ಳಬೇಡಿ. ಗೊತ್ತಿರುವ ಕೀರ್ತನೆಯನ್ನು ವೀಣೆಯಲ್ಲಿ ನುಡಿಸಿದರೆ ಸಾಹಿತ್ಯ ಬಲ್ಲವರ ತಲೆಯಲ್ಲಿ ಪದ ತಾನಾಗಿ ಓಡುತ್ತದೆ, ಸಿನಿಮಾ ಹಾಡಿನ ಕೊಳಲು ಆವೃತ್ತಿಯ ಕತೆಯೂ ಇದೇ. ಫೋನಿನ ಆ್ಯಪ್‌ನಲ್ಲಿ ಬರುವ ತಂಬೂರಿ ಶ್ರುತಿ ಎಷ್ಟೋ ಮೇಲು. ಒಂದೇ ಸಮನೆ ಇರುವ ಸದ್ದು ಬದಲಾಗುತ್ತಲೇ ಇರುವ ಸದ್ದಿನಷ್ಟು ಗಮನ ಕದಿಯುವುದಿಲ್ಲ. ಹಳೆಯ ಸೀಲಿಂಗ್ ಫ್ಯಾನ್ ಕೂಡ ಆದೀತು.

ಮೆಟ್ರೊದಲ್ಲಿ ಕೇಳುವುದನ್ನು ಖಂಡಿತ ಬಿಡಬೇಡಿ. ನಿಮ್ಮ ದೃಶ್ಯಗಳೆಲ್ಲ ಹುಟ್ಟುತ್ತಿರುವುದು ಅಲ್ಲಿಯೇ, ಕೂತು ಬರೆಯದ ಹೊತ್ತಿನಲ್ಲಿ. ಆದರೆ ಇಳಿಯುವ ಮುಂಚೆ ಫೋನಿನಲ್ಲಿ ಎರಡು ಸಾಲು ಗುರುತು ಹಾಕಿಕೊಳ್ಳಿ. ಭಾವದ ಹೆಸರು ಬೇಡ, ಕಂಡದ್ದು ಮಾತ್ರ: ಕೈಯಲ್ಲಿ ಏನಿತ್ತು, ಯಾರು ಮೊದಲು ಮಾತಾಡಿದರು, ಬಾಗಿಲು ತೆರೆದಿತ್ತಾ. ಮರುದಿನ ಅದೇ ದೃಶ್ಯವನ್ನು ತದ್ವಿರುದ್ಧ ಹಾಡಿನ ಜೊತೆ ಮನಸ್ಸಿಗೆ ತಂದುಕೊಳ್ಳಿ. ಅಳಿಸುವ ಹಾಡಿನ ಜಾಗದಲ್ಲಿ ಒಂದು ಕುಣಿಯುವ ಹಾಡು. ಆಗಲೂ ದೃಶ್ಯ ನಿಂತರೆ ಅದು ದೃಶ್ಯದ್ದೇ ಶಕ್ತಿ. ಕುಸಿದುಬಿದ್ದರೆ ಅಲ್ಲಿದ್ದದ್ದು ಬರೀ ಹಾಡು, ಇನ್ನೂ ಕೆಲಸ ಬಾಕಿ ಇದೆ ಎಂದು ಲೆಕ್ಕ. ನಾನು ಹೇಳುವ ಉಪಾಯಗಳಲ್ಲಿ ಇದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ. ಅಂದಹಾಗೆ, ರೈಲಿನ ಸದ್ದಿನಲ್ಲಿ ನಮಗೆ ಗೊತ್ತಿಲ್ಲದೆಯೇ ವಾಲ್ಯೂಮ್ ಏರುತ್ತಾ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ದಿನವೂ ಹೋಗಿಬರುವ ದಾರಿಯಲ್ಲಿ ಜೋರಾಗಿ ಕೇಳಿ, ರಾತ್ರಿಯೂ ಹೆಡ್‌ಫೋನ್ ಹಾಕಿದರೆ ಕಿವಿಗೆ ಬಿಡುವೇ ಇರುವುದಿಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲ ಇರುವುದು ಬೇರೆ ಕಡೆ. ನೀವು ಕೇಳುವ ಸಂಗೀತದ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ನಿಮ್ಮ ಪಾತ್ರಗಳು ಏನು ಕೇಳುತ್ತವೆ? ಕಾಟನ್‌ಪೇಟೆಯಂಥ ಜಾಗ ಸಿಕ್ಕಿರುವಾಗ ಇದನ್ನು ಬಿಡಬಾರದು. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಅಲ್ಲಿನ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುತ್ತದೆ. ತಮಟೆ, ವೀರಕುಮಾರರ ಕತ್ತಿ, "ಗೋವಿಂದಾ ಗೋವಿಂದ" ಕೂಗು, ಅಷ್ಟು ಜನ ಒಟ್ಟಿಗೆ ಹೆಜ್ಜೆ ಹಾಕುವ ಸದ್ದು, ಇವೆಲ್ಲ ವಠಾರದ ಒಳಗೆ ಮಲಗಿದ ಮಗುವಿಗೆ ಹೇಗೆ ಕೇಳಿಸುತ್ತದೆ? ಶಿಫ್ಟ್ ಮುಗಿಸಿ ಬಂದು ನಿದ್ದೆಗೆ ಹಾತೊರೆಯುವ ಅಜ್ಜನಿಗೆ? ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ 1939ರಿಂದ ರಾಮನವಮಿ ಕಚೇರಿಗಳನ್ನು ನಡೆಸಿಕೊಂಡು ಬಂದಿದೆ, ಕಾಟನ್‌ಪೇಟೆಯಿಂದ ನಡೆದು ಹೋಗುವ ದೂರ. ಅಜ್ಜ ಹೋಗಿದ್ದರಾ? ಒಳಗೆ ಕೂತು ಕೇಳಿದರಾ, ರಸ್ತೆಯಲ್ಲಿ ನಿಂತು ಕೇಳಿದರಾ? ಈ ಒಂದು ವ್ಯತ್ಯಾಸದಿಂದ ಅವರ ಸಂಬಳ, ಜಾತಿ, ಸಂಕೋಚ ಎಲ್ಲ ಗೊತ್ತಾಗಬಹುದು. ವಿವಿಧ ಭಾರತಿ ಶುರುವಾದದ್ದು 1957ರಲ್ಲಿ. ವಠಾರದಲ್ಲಿ ರೇಡಿಯೊ ಯಾರ ಮನೆಯಲ್ಲಿತ್ತು, ಜಗಳವಾದ ದಿನ ಅವರು ಬಾಗಿಲು ಹಾಕಿಕೊಂಡರೆ ಉಳಿದವರು ಏನು ಮಾಡುತ್ತಿದ್ದರು? ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಜೆ.ಪಿ. ನಗರದಲ್ಲಿ 2019ರಲ್ಲಿ ಶುರುವಾದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂಗೂ ಒಮ್ಮೆ ಹೋಗಿ ಬನ್ನಿ, ಹಳೆಯ ಕಾಲದಲ್ಲಿ ಜನ ಯಾವ ಯಾವ ಪೆಟ್ಟಿಗೆಗಳಿಂದ ಹಾಡು ಕೇಳುತ್ತಿದ್ದರು ಅನ್ನುವ ಅಂದಾಜು ಸಿಗುತ್ತದೆ.

ಸಂಗೀತದಿಂದ ಕಾದಂಬರಿಕಾರರು ಕದಿಯಬಹುದಾದ ಇನ್ನೊಂದು ವಿದ್ಯೆ ಇದೆ, ತಡೆದು ನಿಲ್ಲಿಸುವುದು. ಒಳ್ಳೆಯ ಗಾಯಕರು ಆಲಾಪನೆಯಲ್ಲಿ ತಾರಸ್ಥಾಯಿಯ ಷಡ್ಜವನ್ನು, ಅಂದರೆ ಮೇಲಿನ ಸ ಸ್ವರವನ್ನು, ಕೂಡಲೇ ಮುಟ್ಟುವುದಿಲ್ಲ. ಕೆಳಗಿನ ಸ್ವರಗಳಲ್ಲಿ ಓಡಾಡುತ್ತಾರೆ, ಅದಕ್ಕೆ ಒಂದೇ ಮೆಟ್ಟಿಲು ಕೆಳಗಿನ ನಿಷಾದದವರೆಗೆ ಹೋಗಿ ವಾಪಸ್ ಬರುತ್ತಾರೆ, ಸಭೆ ಉಸಿರು ಹಿಡಿದಿರುತ್ತದೆ. ನಿಮ್ಮ ಪ್ಯಾರಾದಲ್ಲಿ ಎರಡನೇ ವಾಕ್ಯಕ್ಕೇ ನೋವು ಎದ್ದು ಬಂದುಬಿಟ್ಟಿದೆ. ಇದನ್ನು ಕಲಿಯಲು ಹೆಡ್‌ಫೋನಿಗಿಂತ ಕಚೇರಿಯೇ ಸರಿ, ಅಲ್ಲಿ ಮುಂದಕ್ಕೆ ಓಡಿಸುವ ಗುಂಡಿ ಇರುವುದಿಲ್ಲ. ವಿ.ವಿ. ಪುರಂನ ಗಾಯನ ಸಮಾಜವೋ ಚೌಡಯ್ಯ ಹಾಲೋ, ಎಲ್ಲಾದರೂ ಪೂರ್ತಿ ಕೂತು ಕೇಳಿ.

ಹಾಗೆಯೇ ವಾಕ್ಯದ ಲಯಕ್ಕೆ ಗಮಕ ಕೇಳಿ, ಇಲ್ಲಿ ಗಮಕ ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಓದುವುದು. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳ ನಡೆ. ಒಂದು, ಎರಡು, ನಾಲ್ಕು, ಐದನೇ ಸಾಲುಗಳು ಹದಿನಾಲ್ಕು ಮಾತ್ರೆಗೆ ನಿಲ್ಲುತ್ತವೆ, ಮೂರನೆಯದೂ ಆರನೆಯದೂ ಉದ್ದಕ್ಕೆ ಚಾಚಿ ಒಂದು ಗುರುವಿನಲ್ಲಿ ಕೂರುತ್ತವೆ. ಗದ್ಯವನ್ನು ಷಟ್ಪದಿಯಲ್ಲಿ ಬರೆಯಿರಿ ಅನ್ನುತ್ತಿಲ್ಲ, ದಯವಿಟ್ಟು ಬರೆಯಬೇಡಿ. ಆದರೆ ಗಿಡ್ಡ ಸಾಲುಗಳ ನಂತರ ಬರುವ ಒಂದು ಉದ್ದ ಸಾಲು ಏನು ಮಾಡುತ್ತದೆ ಅನ್ನುವುದು ಕಿವಿಗೆ ಹತ್ತಿದರೆ, ತಿದ್ದುವಾಗ ಕೈ ತಾನಾಗಿ ಕೆಲಸ ಮಾಡುತ್ತದೆ. ತಿದ್ದುವುದಂತೂ ಸದ್ದಿಲ್ಲದ ಕೋಣೆಯಲ್ಲಿ, ಪ್ರಿಂಟ್ ತೆಗೆದು, ಗಟ್ಟಿಯಾಗಿ ಓದುತ್ತಲೇ ಆಗಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಮೊದಲ ಕರಡನ್ನು ಹಾಡು ಹಾಕಿಕೊಂಡೇ ಮುಗಿಸುತ್ತೇನೆ ಅನ್ನುವವರನ್ನು ನಾನು ತಡೆಯುವುದಿಲ್ಲ, ಮುಗಿಯದ ಕಾದಂಬರಿಗಿಂತ ಸಪ್ಪೆ ಕರಡು ವಾಸಿ. ತಿದ್ದಲು ಇನ್ನೊಂದಿಷ್ಟು ತಿಂಗಳು ತೆಗೆದಿಟ್ಟುಕೊಂಡಿರಬೇಕು, ಅಷ್ಟೇ.

ಹಾಡಿನಿಂದ ಹುಟ್ಟಿದ ಕತೆ ನಿಮ್ಮದೇ. ಮೂಡ್‌ಗೆ, ಕಲ್ಪನೆಗೆ ಕೃತಿಸ್ವಾಮ್ಯ ಇಲ್ಲ, ಪದಗಳಿಗೆ ಇದೆ. ಅಧ್ಯಾಯದ ತಲೆಯ ಸಾಲುಗಳ ವಿಷಯ ಬೇರೆಯಾಗುವುದು ಇದಕ್ಕೇ. ಎರಡು ಸಾಲು ತಾನೇ, ನಡೆಯುತ್ತದೆ ಅನ್ನುವ ಮಾತು ಬರಹಗಾರರಲ್ಲಿ ತುಂಬಾ ಓಡಾಡುತ್ತದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಇಷ್ಟು ಸಾಲಿನವರೆಗೆ ಬಿಟ್ಟಿ ಎಂಬ ಲೆಕ್ಕವೇ ಇಲ್ಲ. ವಿಮರ್ಶೆಗೆ ಉಲ್ಲೇಖಿಸಲು ಅವಕಾಶ ಇದೆ, ಅಲಂಕಾರಕ್ಕೆ ಹಾಕುವ ಸಾಲು ಅದರೊಳಗೆ ಸುಲಭವಾಗಿ ಕೂರುವುದಿಲ್ಲ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಸಾಲುಗಳಿಗೆ 2041ರ ಕೊನೆಯವರೆಗೂ ಅನುಮತಿ ಬೇಕು. ಸಿನಿಮಾ ಹಾಡಿನಲ್ಲಿ ಹಕ್ಕು ಸಾಹಿತಿಯದೋ ನಿರ್ಮಾಪಕರದೋ ಆಡಿಯೊ ಕಂಪನಿಯದೋ ಎಂದು ಪತ್ತೆ ಮಾಡುವುದೇ ಒಂದು ಕೆಲಸ, ಪ್ರಕಾಶಕರು ಆ ಹೊಣೆಯನ್ನು ಸಾಮಾನ್ಯವಾಗಿ ಲೇಖಕರ ತಲೆಗೇ ಕಟ್ಟುತ್ತಾರೆ. ಅನುಮತಿ ಸಿಕ್ಕರೆ ಬರಹದಲ್ಲಿ ತೆಗೆದುಕೊಳ್ಳಿ. ಸಿಗದಿದ್ದರೆ ದಾಸರ ಪದ, ವಚನ, ಜನಪದ ಗೀತೆ ಇವೆ, ಮಿಲ್ಲಿನ ಹೆಣ್ಣುಮಕ್ಕಳು ರಾಗಿ ಬೀಸುತ್ತಾ ಬೆಳೆದವರೇ ಇದ್ದಿರಬಹುದಲ್ಲ. ಇನ್ನೂ ಸುಲಭದ ದಾರಿ ಸಾಲು ಬಿಟ್ಟು ಹಾಡಿನ ಹೆಸರಷ್ಟೇ ಹೇಳುವುದು. ರೇಡಿಯೊದಲ್ಲಿ ಆ ಹಾಡು ಬರುತ್ತಿತ್ತು ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಚಿತ್ರ ತೆರೆಕಂಡ ವರ್ಷ ಮಾತ್ರ ತಾಳೆ ನೋಡಿ, 1978ರ ದೃಶ್ಯದಲ್ಲಿ 1983ರ ಹಾಡು ಬಂದರೆ ನನಗಿಂತ ಮೊದಲು ಓದುಗರು ಹಿಡಿಯುತ್ತಾರೆ.